‘ಸ್ಟಾಲ್’ ಅಂದರೆ ‘ಸ್ಥಗಿತ’ ಅಲ್ಲ, ಹಾಗಾದರೆ ಏನು?

ಗೆಳೆಯರೇ,

ರೇಡಿಯೋ ಕಂಟ್ರೋಲ್ ವಿಮಾನದ ಮಾದರಿ ಕಟ್ಟುವುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಾನು ಈಗ ಕಟ್ಟುತ್ತಿರುವ ಡಿಎಚ್-88 ಕಾಮೆಟ್ ಮಾದರಿಯೇ ಅದಕ್ಕೆ ಉದಾಹರಣೆ. 1934ರಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ವರೆಗಿನ ಪಂದ್ಯವನ್ನು ಸುಮಾರು 71 ಗಂಟೆಯಲ್ಲಿ ಗೆದ್ದ ಕೆಂಪು ವಿಮಾನ ಅದು. ಅಸಲಿಗೆ ರೆಕ್ಕೆಯ ಅಗಲ 44 ಅಡಿ. ನನ್ನದು ಎಂಟನೇ ಒಂದು ಅಳತೆ, ಅಂದರೆ 66 ಇಂಚು.

ಹೆಚ್ಚಿನ ಪದಗಳು ತಾವಾಗಿಯೇ ಬಂದವು. ರಿಬ್‌ಗೆ ಪಕ್ಕೆಲುಬು, ಸ್ಪಾರ್‌ಗೆ ತೊಲೆ, ಫ್ಯೂಸಲಾಜ್‌ಗೆ ಒಡಲು. ಬಾಲ್ಸಾ (ಹಗುರವಾದ ಮರ), ಸರ್ವೋ (ವಿಮಾನದ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರ್) ಹಾಗೇ ಇರಲಿ ಅಂತ ಬಿಟ್ಟೆ. ಸಿಕ್ಕಿಹಾಕಿಕೊಂಡಿದ್ದು ‘ಸ್ಟಾಲ್’ ಹತ್ತಿರ.

ಮೊದಲು ‘ಸ್ಥಗಿತ’ ಅಂತ ಬರೆದೆ. ಓದಿದ ಗೆಳೆಯ ಕೇಳಿದ್ದು, “ಮೋಟಾರ್ ನಿಂತುಹೋಯ್ತಾ?” ಅಂತ. ಅವನ ತಪ್ಪೇನೂ ಇಲ್ಲ. ಕಾರಿನ ಇಂಜಿನ್ ನಿಂತರೂ ಇಂಗ್ಲಿಷಿನಲ್ಲಿ ಅದೇ ಪದ. ಆದರೆ ರೆಕ್ಕೆಯ ಸ್ಟಾಲ್‌ನಲ್ಲಿ ಯಾವುದೂ ನಿಲ್ಲುವುದಿಲ್ಲ. ಮೋಟಾರ್ ಪೂರ್ತಿ ಜೋರಾಗಿ ತಿರುಗುತ್ತಿದ್ದರೂ ಅದು ಆಗಬಹುದು. ರೆಕ್ಕೆ ಎದುರುಗಾಳಿಗೆ ಅತಿಯಾಗಿ ಓರೆಯಾದಾಗ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಂಡು ಸುಳಿಯಾಗುತ್ತದೆ. ರೆಕ್ಕೆಯ ಎತ್ತುವ ಬಲ ಕುಸಿಯುತ್ತದೆ. ಮೂಲ ಸಂಗತಿ ನಿಲ್ಲುವುದಲ್ಲ, ಬಿಟ್ಟುಕೊಳ್ಳುವುದು.

ಕಾಮೆಟ್ ಕಟ್ಟುವವರಿಗೆ ಇದು ಸುಮ್ನೆ ಪದದ ಪ್ರಶ್ನೆಯಲ್ಲ. ಅದರ ರೆಕ್ಕೆ ತುದಿಯ ಕಡೆಗೆ ತುಂಬಾ ಕಿರಿದಾಗುತ್ತಾ ಹೋಗುತ್ತದೆ. ಮಾದರಿಯಲ್ಲಂತೂ ತುದಿ ಇನ್ನೂ ಸಣ್ಣದು, ಅಲ್ಲಿ ಗಾಳಿ ಬೇಗ ಬಿಟ್ಟುಕೊಳ್ಳುತ್ತದೆ. ವೇಗ ತಗ್ಗಿದಷ್ಟೂ ವಿಮಾನವನ್ನು ಎತ್ತಿ ಹಿಡಿಯಲು ರೆಕ್ಕೆ ಹೆಚ್ಚು ಓರೆಯಾಗಬೇಕು. ಹಾಗಾಗಿ ಇಳಿಸುವಾಗ ವೇಗ ಜಾಸ್ತಿ ತಗ್ಗಿಸಿದರೆ ಒಂದು ಬದಿಯ ರೆಕ್ಕೆ ತಟ್ಟನೆ ಕೆಳಕ್ಕೆ ವಾಲುತ್ತದೆ. ನನ್ನ ಹಿಂದಿನ ಮಾದರಿ ಹೋದದ್ದೇ ಹೀಗೆ. ಮೂರಾಳೆತ್ತರದಲ್ಲಿ ಎಡ ರೆಕ್ಕೆ ವಾಲಿತು, ಮುಂದಿನ ಕ್ಷಣ ಒಡಲು ಎರಡು ತುಂಡು. ಕೈಪಿಡಿ ಓದುವ ಹುಡುಗರಿಗೆ ಈ ಮಾತು ಮೊದಲ ಓದಿಗೇ ಅರ್ಥವಾಗಬೇಕು.

ನನಗೆ ಹೊಳೆದ ಪದಗಳು ಎರಡು. ಗಾಳಿಪಟದವರ ‘ಗೋತಾ’ ಒಂದು. ಕೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಆದರೆ ಗೋತಾ ಹೊಡೆಯುವುದು ಆಮೇಲಿನ ಬೀಳುವಿಕೆ. ಬೀಳುವುದಕ್ಕೆ ಕಾರಣವಾದದ್ದನ್ನು ಅದು ಹೇಳುವುದಿಲ್ಲ. ಇನ್ನೊಂದು ‘ಕಳಚು’. “ವೇಗ ತಗ್ಗಿದರೆ ತುದಿಯಲ್ಲಿ ಮೊದಲು ಗಾಳಿ ಕಳಚುತ್ತದೆ, ವಿಮಾನ ಗೋತಾ ಹೊಡೆಯುತ್ತದೆ.” ಈ ವಾಕ್ಯದಲ್ಲಿ ಕಾರಣ, ಪರಿಣಾಮ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ ಅಲ್ವಾ? ನನ್ನ ಒಲವು ಇದರ ಕಡೆಗೇ.

ತೊಡಕು ನಾಮಪದದ್ದು. ಮಳೆ, ಕಾಲ ಸೇರಿ ‘ಮಳೆಗಾಲ’ ಆದ ಹಾಗೆ ‘ಗಾಳಿಗಳಚು’ ಅನ್ನಬಹುದೇ? ಮಿಂಚು, ಹೊಂಚು ಇವು ಕ್ರಿಯೆಯೂ ಹೌದು, ಹೆಸರೂ ಹೌದು. ಕಳಚು ಹಾಗೆ ನಿಲ್ಲುತ್ತದೆಯೇ, ಇಲ್ಲಾ ‘ಗಾಳಿ ಕಳಚಿಕೆ’ ಅನ್ನಬೇಕೇ?

ಜೊತೆಗೆ ಇನ್ನೊಂದು. ತುದಿಯಲ್ಲಿ ಗಾಳಿ ಬೇಗ ಕಳಚದಿರಲಿ ಅಂತ ರೆಕ್ಕೆಯನ್ನು ಬುಡದಿಂದ ತುದಿಗೆ ಎರಡು ಡಿಗ್ರಿಯಷ್ಟು ತಿರುಚುತ್ತೇವೆ, ತುದಿಯ ಮುಂದಿನ ಅಂಚು ತಗ್ಗುವಂತೆ. ಇದೇ ‘ವಾಶ್‌ಔಟ್’. ಸದ್ಯಕ್ಕೆ ‘ತುದಿ ತಿರುಚು’ ಅಂತ ಬರೆದಿದ್ದೇನೆ. ಆದರೆ ಯಾವ ಕಡೆಗೆ ತಿರುಚಬೇಕು ಅನ್ನುವುದು ಇದರಲ್ಲಿ ಬರುವುದಿಲ್ಲ. ಉಲ್ಟಾ ತಿರುಚಿದರೆ ಮಾದರಿ ಮೊದಲ ಹಾರಾಟದಲ್ಲೇ ಹೋಗುತ್ತದೆ. ದಿಕ್ಕನ್ನೂ ಹೇಳುವ ಪದ ಯಾರಿಗಾದರೂ ಹೊಳೆಯುತ್ತದೆಯೇ?