ಸಹಾಯ ಬೇಕು: ಕ್ಯಾಲಿಫೋರ್ನಿಯಾ ಲೈಸೆನ್ಸಿಗೆ ಒಂಟಿ ಹೆಸರಿನ ತೊಡಕು

ತೀರ್ಥಹಳ್ಳಿಯ ಹುಡುಗಿ, ಎಚ್-4 ವೀಸಾದಲ್ಲಿ (ಅಮೆರಿಕದಲ್ಲಿ ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಕೊಡುವಂಥದ್ದು) ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಡಿಎಂವಿಯಲ್ಲಿ, ಅಂದರೆ ಅಲ್ಲಿನ ವಾಹನ ಇಲಾಖೆಯಲ್ಲಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ್ದಕ್ಕೆ ಅಡ್ಡಿಯಿಲ್ಲ, ತೊಡಕು ಹೆಸರಿನದು. ನಮ್ಮ ಕಡೆ ಸರ್‌ನೇಮ್ ಎಲ್ಲಿರುತ್ತೆ? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಹಾಗಾಗಿ ವೀಸಾದಲ್ಲಿ ಹೆಸರಿನ ಮುಂದೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಸೇರಿದೆ. ಅಮೆರಿಕ ಪ್ರವೇಶದ ದಾಖಲೆಯಾದ ಐ-94ರಲ್ಲಿ ಅದು ಇಲ್ಲ. ವಲಸೆ ದಾಖಲೆ ತಾಳೆ ನೋಡುವ ‘ಸೇವ್’ ತಪಾಸಣೆಯಲ್ಲಿ ಹೆಸರು ಹೊಂದದೆ ಅರ್ಜಿ ಅಲ್ಲೇ ಕೂತಿದೆ. ಎಫ್‌ಎನ್‌ಯು ಇಟ್ಟುಕೊಂಡೇ ಲೈಸೆನ್ಸ್ ಪಡೆದವರಿದ್ದರೆ, ಹೆಸರನ್ನು ಯಾವ ಕಾಲಂನಲ್ಲಿ ತುಂಬಿದಿರಿ ಹೇಳಿ.

ಇನ್ನೊಂದು: ರಿಯಲ್ ಐಡಿಗೆ (ಕೇಂದ್ರ ಸರ್ಕಾರದ ಮಾನದಂಡಕ್ಕೆ ಹೊಂದುವ ಲೈಸೆನ್ಸ್) ವಿಳಾಸದ 2 ದಾಖಲೆ ಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್ ಎರಡೂ ಗಂಡನ ಹೆಸರಲ್ಲಿವೆ. ಮದುವೆ ಸರ್ಟಿಫಿಕೇಟ್ ಜೊತೆಗಿಟ್ಟರೆ ನಡೆಯುತ್ತೆ, ಆದರೆ ಅದು ಕನ್ನಡದ್ದು. ಶಿವಮೊಗ್ಗದಲ್ಲಿ ಸಹಿ, ಸೀಲು ಸಮೇತ ಇಂಗ್ಲಿಷ್ ಅನುವಾದ ಮಾಡಿಕೊಡುವವರು ಯಾರು? ‘ಏಜೆಂಟ್ ಹಿಡೀರಿ’ ಅನ್ನಬೇಡಿ ಮಾರಾಯ್ರೆ, ಇದು ನಮ್ಮ ಆರ್‌ಟಿಒ ಅಲ್ಲ.