ಬೋರ್‌ವೆಲ್ ನೀರಲ್ಲಿ ನಿಯಾನ್ ಟೆಟ್ರಾ ಬದುಕ್ತಾವಾ?

ಪ್ರಶ್ನೆ: ನಮಸ್ಕಾರ, ಬೆಂಗ್ಳೂರಲ್ಲಿ ನಮ್ಮ ಏರಿಯಾಗೆ ಬರೀ ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 700 ಹತ್ರ ಇದೆ, ನಲ್ಲಿ ಮೇಲೆಲ್ಲ ಬಿಳಿ ಕಲೆ ಕಟ್ಟುತ್ತೆ. ಎರಡಡಿ ಮೀನಿನ ಟ್ಯಾಂಕ್ ತಂದಿದೀನಿ, ಮಗಳಿಗೆ ನಿಯಾನ್ ಟೆಟ್ರಾ ಅನ್ನೋ ಪುಟ್ಟ ಮೀನೇ ಬೇಕಂತೆ. ಅಂಗಡಿಯವ್ರು ಇವತ್ತೇ ಮೀನು ಬಿಡಿ ಅಂತಿದಾರೆ. ಬಿಡ್ಲಾ?

ಉತ್ತರ 1: ಇವತ್ತೇ ಬಿಡ್ಬೇಡಿ ದಯವಿಟ್ಟು. ಮೀನಿನ ಹೊಲಸು, ಉಳಿದ ಫುಡ್ ಎಲ್ಲದ್ರಿಂದ ಅಮೋನಿಯಾ ಬರುತ್ತೆ, ಅದು ಮೀನಿಗೆ ವಿಷ, ಫಿಲ್ಟರ್ ಸ್ಪಾಂಜಲ್ಲಿ ಬ್ಯಾಕ್ಟೀರಿಯಾ ಬೆಳೆದು ಅದನ್ನ ಮೊದ್ಲು ನೈಟ್ರೈಟ್ (ಅದೂ ವಿಷಾನೇ), ಆಮೇಲೆ ಅಷ್ಟು ಅಪಾಯ ಇಲ್ಲದ ನೈಟ್ರೇಟ್ ಮಾಡ್ಬೇಕು, ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತೆ. ಅಲ್ಲೀವರೆಗೂ ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಫುಡ್ ಹಾಕಿ ಫಿಲ್ಟರ್ ಓಡಿಸ್ತಾ ಇರಿ. ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ್ಮೇಲೇ ಮೀನು. ಗೊತ್ತಿರೋರ ಆರೋಗ್ಯವಾದ ಟ್ಯಾಂಕಿಂದ ಹಳೇ ಸ್ಪಾಂಜ್ ಸಿಕ್ರೆ ಬೇಗ ಆಗುತ್ತೆ.

ಉತ್ತರ 2: ನಿಯಾನ್ ಅಮೆಜಾನ್ ಕಡೆ ಮೀನು ಸರ್, ಅಲ್ಲಿ ನೀರು ತುಂಬಾ ಮೆದು, ಸ್ವಲ್ಪ ಆಮ್ಲೀಯ. ನಿಮ್ಮ ಗಡಸು ನೀರಿಗೆ ಗಪ್ಪಿ, ಪ್ಲಾಟಿ, ಮೋಲಿ ಹೇಳಿ ಮಾಡಿಸಿದಂಗಿರುತ್ವೆ, ಬಣ್ಣಾನೂ ಚೆನ್ನಾಗಿರುತ್ತೆ, ಮರಿ ಹಾಕೋದು ನೋಡಿದ್ರೆ ಮಗಳು ನಿಯಾನ್ ಮರೀಬಹುದು. ನಿಯಾನೇ ಬೇಕಂದ್ರೆ ಆರ್‌ಓ ನೀರು ಬೆರೆಸಿ, ಆದ್ರೆ ಪ್ರತಿ ಸಲ ಅದೇ ಅಳತೇಲಿ ಬೆರೆಸ್ಬೇಕು.

ಪ್ರಶ್ನೆ ಕೇಳಿದವರು: ಗಪ್ಪೀನೇ ಸರಿ ಅನ್ಸುತ್ತೆ. ಫಿಲ್ಟರ್ ತೊಳೆಯೋದು ಹೇಗೆ?

ಉತ್ತರ 1: ಟ್ಯಾಂಕಿಂದ ತೆಗೆದ ನೀರಲ್ಲೇ ಸ್ಪಾಂಜ್ ಹಿಂಡಿ, ಸೋಪು ಬೇಡವೇ ಬೇಡ. ಮುಂದೆ ಯಾವಾಗ್ಲಾದ್ರೂ ಕ್ಲೋರಿನ್ ಹಾಕಿರೋ ಕಾವೇರಿ ನಲ್ಲಿ ನೀರು ಬಳಸಿದ್ರೆ ಮೊದ್ಲು ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯೋ ಔಷಧಿ) ಹಾಕಿ.