ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಫೋಟೊ ನಂಬಿಕೊಂಡು ಸಣ್ಣ ಊರಲ್ಲಿ ಸ್ಟುಡಿಯೋ ನಡೆಸಬಹುದಾ?

ಪ್ರಶ್ನೆ, ತುಮಕೂರು ಜಿಲ್ಲೆಯಿಂದ:

ನಮ್ಮದು ಹೋಬಳಿ ಊರು. ಎರಡು ಹೈಸ್ಕೂಲು, ಒಂದು ಪಿಯು ಕಾಲೇಜು ಇದೆ. ಮಾವನ ಹಳೇ ಸ್ಟುಡಿಯೋ ಈಗ ನನ್ನ ಕೈಗೆ ಬಂದಿದೆ. ಮದುವೆ ಸೀಸನ್ ಮುಗಿದರೆ ಕೆಲಸ ಇಲ್ಲ. ಅಮೆರಿಕದಲ್ಲಿರುವ ಅಕ್ಕ ಮೊನ್ನೆ ಮಗಳ ಫೋಟೊ ಕಳಿಸಿದ್ದಳು. ಅಲ್ಲಿ ಹೈಸ್ಕೂಲಿನ ಕೊನೇ ವರ್ಷದವರನ್ನು ಸೀನಿಯರ್ಸ್ ಅಂತಾರೆ. ಒಬ್ಬೊಬ್ಬರೂ ತಮಗಿಷ್ಟದ ಬಟ್ಟೆ ಹಾಕಿಕೊಂಡು ಪಾರ್ಕಿನಲ್ಲಿ, ಆಟದ ಮೈದಾನದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಶಾಲೆ ಪ್ರತಿ ವರ್ಷ ತರುವ ನೆನಪಿನ ಪುಸ್ತಕ, ಇಯರ್‌ಬುಕ್ಕಿಗೂ ಒಂದು ಹೋಗುತ್ತದೆ. ಇದನ್ನೇ ನೆಚ್ಚಿಕೊಂಡ ಸ್ಟುಡಿಯೋಗಳು ಅಲ್ಲಿವೆಯಂತೆ. ನಮ್ಮ ಕಡೆ ಇದು ನಡೆಯುತ್ತದಾ? ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ದಯವಿಟ್ಟು ಹೇಳಿ.

ಅರಸೀಕೆರೆ ಕಡೆಯ ಸ್ಟುಡಿಯೋದವರು:

ತಮ್ಮಾ, ಖಂಡಿತ ನಡೆಯುತ್ತದೆ. ಆದರೆ ನಮ್ಮ ಮಕ್ಕಳು "ನನ್ನದೊಂದು ಒಳ್ಳೇ ಫೋಟೊ ತೆಗೀರಿ" ಅಂತ ತಾವಾಗಿ ಬಾಗಿಲಿಗೆ ಬರುವುದಿಲ್ಲ. ಅವರು ಬರುವುದು ಅರ್ಜಿ ಹಿಡಿದುಕೊಂಡು. ಸಿಇಟಿ, ನೀಟ್, ಹಾಸ್ಟೆಲ್, ಸ್ಕಾಲರ್‌ಶಿಪ್, ಪಿಯು ಅಡ್ಮಿಷನ್, ಎಲ್ಲದಕ್ಕೂ ಪಾಸ್‌ಪೋರ್ಟ್ ಸೈಜು ಬೇಕು. ನನ್ನ ಅಂಗಡಿ ನಿಂತಿರುವುದೇ ಆ ಸಣ್ಣ ಫೋಟೊದ ಮೇಲೆ. ಅದನ್ನು ಮನಸ್ಸಿಟ್ಟು ತೆಗೆದುಕೊಡು. ಬೀಳ್ಕೊಡುಗೆ ದಿನ ಅದೇ ಮಕ್ಕಳು ಗೆಳೆಯರನ್ನೆಲ್ಲ ಕರೆದುಕೊಂಡು ಬರುತ್ತಾರೆ.

ಪಾಸ್‌ಪೋರ್ಟ್ ಫೋಟೊ ಅಂದರೆ ಎರಡು ನಿಮಿಷದ ಕೆಲಸ ಅಂತ ನಮ್ಮವರೇ ಎಷ್ಟೋ ಜನ ತಿಳಿದಿದ್ದಾರೆ. ಸ್ಟೂಲ್ ಮೇಲೆ ಕೂರಿಸು, ಫ್ಲ್ಯಾಶ್ ಹೊಡಿ, ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡು, ಕತ್ತರಿಸಿ ಕವರಿಗೆ ಹಾಕು. ಈ ಬೆಳ್ಳಗೆ ಮಾಡುವುದನ್ನು ಮಾತ್ರ ದಯವಿಟ್ಟು ಕಲಿಯಬೇಡ. ಆ ವಯಸ್ಸಿನಲ್ಲಿ ಮಕ್ಕಳಿಗೆ ತಮ್ಮ ಮುಖದ ಬಗ್ಗೆ ಮೊದಲೇ ನೂರು ಅನುಮಾನ. ಮೊಡವೆ, ಹಲ್ಲು, ಬಣ್ಣ. ನೀನು ಬಣ್ಣ ಬದಲಿಸಿ ಕೊಟ್ಟರೆ "ನೀನು ಇರುವ ಹಾಗೆ ಚೆನ್ನಾಗಿಲ್ಲ" ಅಂತ ಮುಖಕ್ಕೆ ಹೇಳಿದ ಹಾಗೆ. ಮನೆಯವರು "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅಂತ ಕೇಳಿಯೇ ಕೇಳುತ್ತಾರೆ. "ಒಳ್ಳೇ ಬೆಳಕು ಹಾಕಿ ತೆಗೆಯುತ್ತೇನೆ, ನೋಡಿ ಆಮೇಲೆ ಹೇಳಿ" ಅನ್ನುತ್ತೇನೆ. ಫೋಟೊ ನೋಡಿದ ಮೇಲೆ ಹೆಚ್ಚಿನವರು ಮತ್ತೆ ಆ ಮಾತು ಎತ್ತುವುದಿಲ್ಲ.

ಮುಖ ಕಪ್ಪಾಗಿ ಬರುವುದಕ್ಕೆ ಎಷ್ಟೋ ಸಲ ಕಾರಣ ಯೂನಿಫಾರ್ಮು. ಬಿಳಿ ಅಂಗಿ, ಬಿಳಿ ಪರದೆ. ಆಟೊದಲ್ಲಿಟ್ಟರೆ ಕ್ಯಾಮೆರಾ ಆ ಬಿಳುಪನ್ನೆಲ್ಲ ನೋಡಿ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಡಿಮೆ ಮಾಡುತ್ತದೆ. ಮುಖ ಮಂಕಾಗುತ್ತದೆ. ಆಮೇಲೆ ಅದನ್ನು ಎಳೆದು ಬೆಳ್ಳಗೆ ಮಾಡಿದರೆ ಬೂದಿ ಬಣ್ಣ ಬರುತ್ತದೆ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿ ಇಡು. ಮುಖದ ಮೇಲೆ ಬೀಳುವ ಬೆಳಕನ್ನು ಅಳೆದು ಅದಕ್ಕೆ ಹೊಂದಿಸು. ಅಂಗಿಯ ಮಡಿಕೆ, ಗುಂಡಿ ಕಾಣುವಷ್ಟು ಉಳಿದರೆ ಸಾಕು.

ಒಂದು ದೊಡ್ಡ ಸಾಫ್ಟ್‌ಬಾಕ್ಸು (ಬೆಳಕನ್ನು ಮೃದು ಮಾಡುವ ಬಟ್ಟೆಯ ಪೆಟ್ಟಿಗೆ), ಮಗುವಿಗೆ ಹತ್ತಿರ, ಸ್ವಲ್ಪ ಪಕ್ಕಕ್ಕೆ, ಕಣ್ಣಿಗಿಂತ ಮೇಲೆ. ಇನ್ನೊಂದು ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಾಳೆ. ಇಷ್ಟು ಸಾಕು. ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರವಾಗಿ ಹೊಡೆಯಬೇಡ. ಹಳ್ಳಿಯಿಂದ ಬರುವ ಹುಡುಗರು ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ, ನೀಟಾಗಿ ಬಾಚಿಕೊಂಡು ಬಂದಿರುತ್ತಾರೆ. ನೇರ ಫ್ಲ್ಯಾಶಿಗೆ ಹಣೆ, ಮೂಗಿನ ತುದಿ ಪಳಪಳ ಅನ್ನುತ್ತದೆ. ಟಿಶ್ಯೂ ಕೊಟ್ಟು ಕನ್ನಡಿ ತೋರಿಸು, ಅವರೇ ಒತ್ತಿಕೊಳ್ಳಲಿ. ಅವರ ಮುಖ ನೀನು ಮುಟ್ಟಬೇಡ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು 18 ಎಂಎಂನಲ್ಲಿಟ್ಟು ಹತ್ತಿರ ಹೋದರೆ ಮೂಗು ದಪ್ಪ ಬರುತ್ತದೆ. 50 ಎಂಎಂ ಹಾಕಿ ಹಿಂದೆ ಸರಿ.

ಹಿಂದಿನ ಪರದೆಗೂ ಮಗುವಿಗೂ ನಾಲ್ಕೈದು ಅಡಿ ಅಂತರ ಇರಲಿ. ಇಲ್ಲದಿದ್ದರೆ ಕಿವಿ ಪಕ್ಕ ನೆರಳು ಬೀಳುತ್ತದೆ. ನೀಟ್‌ಗೆ ಬಿಳಿ ಹಿನ್ನೆಲೆ ಬೇಕು, ಎರಡೂ ಕಿವಿ ಕಾಣಬೇಕು, ಪಾಸ್‌ಪೋರ್ಟ್ ಸೈಜಿನ ಜೊತೆ 4×6 ಇಂಚಿನ ಪೋಸ್ಟ್‌ಕಾರ್ಡ್ ಸೈಜೂ ಕೇಳಿದ್ದುಂಟು. ಆಯಾ ವರ್ಷದ ಸೂಚನೆ ಪ್ರಿಂಟ್ ತೆಗೆದು ಕೌಂಟರ್ ಪಕ್ಕ ಅಂಟಿಸಿಡು. ಸಾಫ್ಟ್ ಕಾಪಿಯನ್ನು ಎಷ್ಟು ಕೆಬಿ ಅಂತ ಹೇಳಿದ್ದಾರೋ ಅಷ್ಟಕ್ಕೆ ಇಳಿಸಿ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸು. ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ತಾನೇ ಕುಗ್ಗಿಸಿಬಿಡುತ್ತದೆ. ಸೈಬರ್ ಸೆಂಟರಿನಲ್ಲಿ ಫೋಟೊ ಸರಿಯಿಲ್ಲ ಅಂತ ವಾಪಸ್ ಬಂದರೆ ಆ ಮಗುವಿನ ಅರ್ಧ ದಿನ, ಬಸ್ ಚಾರ್ಜು ಎರಡೂ ಹೋಗುತ್ತದೆ.

ಪ್ರಿಂಟರ್ ವಿಷಯ. ಒಂದು 4×6 ಹಾಳೆಯಲ್ಲಿ 35×45 ಮಿಲಿಮೀಟರಿನ ಫೋಟೊ 8 ಕೂರುತ್ತವೆ. ಮೊದಲು ಇಂಕ್ ಟ್ಯಾಂಕ್ ಪ್ರಿಂಟರಿನಲ್ಲೇ ಶುರು ಮಾಡು, ಬಂಡವಾಳ ಕಡಿಮೆ. ಕೆಲಸ ಹೆಚ್ಚಿದ ಮೇಲೆ ಡಿಎನ್‌ಪಿ ಕಂಪನಿಯದರ ತರದ ಡೈ ಸಬ್ (ಶಾಖದಿಂದ ಹಾಳೆಗೆ ಬಣ್ಣ ಇಳಿಸುವ) ಪ್ರಿಂಟರ್ ತೆಗೆದುಕೊ. ಒದ್ದೆ ಕೈ ತಗುಲಿದರೂ ಬಣ್ಣ ಬಿಡುವುದಿಲ್ಲ.

ಹಾವೇರಿ ಜಿಲ್ಲೆಯಲ್ಲಿ ಸ್ಟುಡಿಯೋ ನಡೆಸುವ ಒಬ್ಬರು:

ಅಣ್ಣಾವ್ರು ಬೆಳ್ಳಗೆ ಮಾಡಬೇಡ ಅಂದಿದ್ದು ಓದಿ ತುಂಬಾ ಖುಷಿಯಾಯಿತು. ಒಂದು ಮಾತು ಮಾತ್ರ ಬೇರೆ ಹೇಳುತ್ತೇನೆ. ನನ್ನ ಪ್ರಕಾರ ಮೊದಲು ಹಿಡಿಯಬೇಕಾದ್ದು ಗ್ರೂಪ್ ಫೋಟೊ. ಒಂದು ಬೆಳಿಗ್ಗೆಯಲ್ಲಿ ಇಡೀ ಶಾಲೆಗೆ ನಿಮ್ಮ ಪರಿಚಯ ಆಗುತ್ತದೆ. ಪರೀಕ್ಷೆ ಮಾರ್ಚ್ ಹೊತ್ತಿಗೆ, ಹಾಗಾಗಿ ಡಿಸೆಂಬರ್‌ನಲ್ಲೇ ಹೆಡ್‌ಮಾಸ್ತರರನ್ನು ಕಂಡು ದಿನ ಗೊತ್ತು ಮಾಡಿಕೊಳ್ಳಿ.

ಹಿಂದಿನ ದಿನವೇ ಹೋಗಿ ಆ ಹೊತ್ತಿಗೆ ಕಟ್ಟಡದ ನೆರಳು ಎಲ್ಲಿರುತ್ತದೆ ನೋಡಿ ಬನ್ನಿ. ಅರ್ಧ ಬಿಸಿಲು, ಅರ್ಧ ನೆರಳಿನಲ್ಲಿ ಮಾತ್ರ ನಿಲ್ಲಿಸಬೇಡಿ. ಮುಂದಿನ ಸಾಲು ನೆಲಕ್ಕೆ, ಆಮೇಲೆ ಶಿಕ್ಷಕರ ಕುರ್ಚಿ, ಅದರ ಹಿಂದೆ ನಿಂತವರು, ಕೊನೆಗೆ ಬೆಂಚಿನ ಮೇಲೆ. ಬೆಂಚು ಅಲ್ಲಾಡುತ್ತದಾ ಅಂತ ನೀವೇ ಹತ್ತಿ ನೋಡಿ. ಟ್ರೈಪಾಡ್ ಬೇಕೇ ಬೇಕು, ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್ 8ಕ್ಕೆ ಇಟ್ಟರೆ ಎಲ್ಲ ಸಾಲೂ ಸ್ಪಷ್ಟ ಬರುತ್ತವೆ. ಜಾಗ ಇದ್ದರೆ ಹಿಂದೆ ಹೋಗಿ. ವೈಡ್ ಹಾಕಿ ಹತ್ತಿರದಿಂದ ತೆಗೆದರೆ ಎರಡೂ ತುದಿಯ ಮಕ್ಕಳ ಮುಖ ಎಳೆದ ಹಾಗಾಗುತ್ತದೆ. ಆ ತುದಿಯಲ್ಲಿ ನಿಂತ ಮಗುವಿನ ಮನೆಗೂ ಅದೊಂದೇ ಫೋಟೊ ಅಲ್ವಾ?

ಕೆಳಗೆ ಹೆಸರು ಹಾಕುವಾಗ ಫೋಟೊಶಾಪ್‌ನಲ್ಲಿ ಒತ್ತಕ್ಷರ ಒಡೆದು ಹೋಗುವುದು ಎಲ್ಲರಿಗೂ ಆಗುವ ತಲೆನೋವು. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಇರುತ್ತದೆ. ಅಲ್ಲಿ ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್ ಆರಿಸಿ (ಹೊಸದರಲ್ಲಿ ವರ್ಲ್ಡ್ ರೆಡಿ ಲೇಔಟ್), ಮುಚ್ಚಿ ಮತ್ತೆ ತೆರೆಯಿರಿ. ಯೂನಿಕೋಡ್ ಫಾಂಟಿನಲ್ಲಿ "ಲಕ್ಷ್ಮಿ" ಸರಿಯಾಗಿ ಕೂರುತ್ತದೆ. ಪ್ರಿಂಟಿಗೆ ಕಳಿಸುವ ಮುಂಚೆ ಹೆಸರಿನ ಪಟ್ಟಿಯನ್ನು ಕ್ಲಾಸ್ ಟೀಚರ್‌ಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಇನ್ನು ಬೀಳ್ಕೊಡುಗೆ ದಿನ. ನೀವು ಕೇಳಿದ ಸೀನಿಯರ್ ಫೋಟೊ ನಮ್ಮಲ್ಲಿ ಇದೇ. ಹುಡುಗಿಯರು ಅವ್ವನ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಾಲ್ಕೈದು ಜನ ಒಟ್ಟಿಗೆ ಬರುತ್ತಾರೆ. ಎಷ್ಟೋ ಜನಕ್ಕೆ ಅದು ಮೊದಲ ಸೀರೆ. ನೆರಿಗೆ ಜಾರುತ್ತಿರುತ್ತದೆ, ಒಂದು ಕೈ ಸೊಂಟದ ಹತ್ತಿರವೇ ಇರುತ್ತದೆ. ಒಳಗೆ ಚಿಲಕ ಇರುವ ಕೋಣೆ, ಆಳೆತ್ತರದ ಕನ್ನಡಿ, ಡಬ್ಬಿ ತುಂಬಾ ಪಿನ್ನು ಇಡಿ. ಸೀರೆ ಸರಿಮಾಡಿಕೊಡುವುದಕ್ಕೆ ಮನೆಯ ಹೆಣ್ಣುಮಕ್ಕಳು ಯಾರಾದರೂ ಆ ದಿನ ಅಂಗಡಿಯಲ್ಲಿರಲಿ. ಮೊದಲು ಗುಂಪಿನದ್ದು ತೆಗೆಯಿರಿ. ನಕ್ಕು ಹಗುರಾಗುತ್ತಾರೆ. ಆಮೇಲೆ ಒಬ್ಬೊಬ್ಬರದ್ದು. "ಸ್ಮೈಲ್ ಮಾಡಮ್ಮ" ಅಂದರೆ ತುಟಿ ಬಿಗಿಯುತ್ತಾರೆ. ಕ್ಯಾಮೆರಾ ಹಿಂದೆ ನಿಂತ ಗೆಳತಿಗೆ ಮಾತಾಡಿಸೋಕೆ ಹೇಳಿ. ಹುಡುಗರಿಗೂ ಬರೋಕೆ ನೀವೇ ಕರೆದು ಹೇಳಿ. ಅವರಿಗೆ ನಾಚಿಕೆ ಜಾಸ್ತಿ. ಕಬಡ್ಡಿ ಜರ್ಸಿ, ತಬಲಾ, ಸೈಕಲ್, ಏನು ಪ್ರೀತಿಯೋ ಅದನ್ನು ತರಲಿ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮಕ್ಕಳ ಫೋಟೊವನ್ನು ಅಂಗಡಿಯ ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಂಗೆ ಸುಮ್ನೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಒಪ್ಪಿಗೆ ತಂದೆ ತಾಯಿ ಕೊಡಬೇಕು. ಕಾಯ್ದೆ ಇರದಿದ್ದರೂ ನಾನು ಹಾಕುತ್ತಿರಲಿಲ್ಲ. ಸಣ್ಣ ಊರಲ್ಲಿ ಹುಡುಗಿಯ ಫೋಟೊ ಯಾರ ಮೊಬೈಲಿಗೆ ಹೋಯಿತು ಅನ್ನುವುದು ಅವಳ ಕಾಲೇಜಿಗೇ ಕುತ್ತು ತರಬಹುದು. ನಾನು ಹೊರಗಿನ ಗಾಜಿನಲ್ಲಿ ಇಟ್ಟಿರುವುದು ಮನೆಯವರು ಒಪ್ಪಿಗೆ ಬರೆದುಕೊಟ್ಟ ಫೋಟೊಗಳನ್ನಷ್ಟೇ. ಇದು ಊರಿಗೆಲ್ಲ ಗೊತ್ತಿರುವುದರಿಂದಲೇ ತಾಯಂದಿರು ಧೈರ್ಯವಾಗಿ ಕಳಿಸುತ್ತಾರೆ.

ಒಬ್ಬ ಹೈಸ್ಕೂಲ್ ಮೇಷ್ಟರು:

ನಾನು ಕ್ಯಾಮೆರಾ ಹಿಡಿದವನಲ್ಲ, ಶಾಲೆ ಕಡೆಯಿಂದ ಹೇಳುತ್ತೇನೆ. ಗ್ರೂಪ್ ಫೋಟೊ ದುಡ್ಡನ್ನು ಮುಂಚೆ ಕೊಟ್ಟವರನ್ನಷ್ಟೇ ನಿಲ್ಲಿಸುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಪ್ಪ. ಎಲ್ಲರನ್ನೂ ನಿಲ್ಲಿಸು, ಪ್ರಿಂಟ್ ಬೇಕಾದವರು ಆಮೇಲೆ ಕೊಂಡುಕೊಳ್ಳಲಿ. ಕೂಲಿಗೆ ಹೋಗಿ ಆ ದಿನ ತಪ್ಪಿಸಿಕೊಳ್ಳುವ ಮಕ್ಕಳಿರುತ್ತಾರೆ. ಒಂದು ವಾರ ಮೊದಲೇ ದಿನ ತಿಳಿಸಿದರೆ ನಾವು ಮನೆಗೆ ಹೇಳಿ ಕಳಿಸುತ್ತೇವೆ. ಶಾಲೆಗೆ ಒಂದು ದೊಡ್ಡ ಪ್ರಿಂಟು ಫ್ರೇಮ್ ಹಾಕಿಸಿ ಕೊಡು. ಹಳೇ ವಿದ್ಯಾರ್ಥಿಗಳು ಬಂದಾಗ ಮೊದಲು ಹೋಗಿ ನಿಲ್ಲುವುದು ಆ ಗೋಡೆ ಮುಂದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ಒಬ್ಬೊಬ್ಬರ ಫೋಟೊಗೆ ರೇಟು ಹೇಗೆ ಇಡಲಿ? ಫೈಲ್ ಕೊಟ್ಟುಬಿಟ್ಟರೆ ಪ್ರಿಂಟ್ ಯಾರೂ ಕೇಳಲ್ಲ ಅನ್ನುವ ಭಯ.

ಅರಸೀಕೆರೆ ಕಡೆಯ ಸ್ಟುಡಿಯೋದವರು:

ಫೈಲ್ ತಡೆಹಿಡಿಯಬೇಡ ತಮ್ಮಾ, ಈಗಿನ ಕಾಲಕ್ಕೆ ಅದು ನಿಲ್ಲುವುದಿಲ್ಲ. ತೆಗೆಯುವುದಕ್ಕೆ ಒಂದು ರೇಟು ಇಡು. ಅದರಲ್ಲೇ ಒಂದು 6×8 ಪ್ರಿಂಟು, ಮೊಬೈಲಿಗೆ ಎರಡು ಫೈಲು ಸೇರಿರಲಿ. ಗುಂಪಾಗಿ ಬಂದರೆ ತಲೆಗೆ ಇಷ್ಟು ಅಂತ ಕಡಿಮೆ ಮಾಡು. ದೊಡ್ಡ ಪ್ರಿಂಟು ಕೊಳ್ಳುವವರು ಮಕ್ಕಳಲ್ಲ, ಅಪ್ಪ ಅಮ್ಮ. ಮೊಬೈಲಿನಲ್ಲಿ ತೋರಿಸಿದರೆ ಅವರು ಕೊಳ್ಳುವುದಿಲ್ಲ. 12×18 ಒಂದು ಮಾಡಿಸಿ ಕೌಂಟರಿನ ಹಿಂದೆ ತೂಗುಹಾಕು. ಸಂತೆ ದಿನ ಅಪ್ಪ ಬಂದು ಫೋಟೊ ತೆಗೆದುಕೊಳ್ಳುವಾಗ ಅದನ್ನೇ ನೋಡುತ್ತಾ "ಇಷ್ಟು ದೊಡ್ಡದಕ್ಕೆ ಎಷ್ಟಾಗುತ್ತೆ?" ಅಂತ ಕೇಳುತ್ತಾನೆ. ಬೆಲೆ ಬರೆದ ಚೀಟಿ ಅದರ ಕೆಳಗೇ ಅಂಟಿಸು. ಫೈಲುಗಳನ್ನು ವರ್ಷ, ಶಾಲೆ, ತರಗತಿ ಅಂತ ಫೋಲ್ಡರ್ ಮಾಡಿ ಎರಡು ಹಾರ್ಡ್‌ಡಿಸ್ಕಿಗೆ ಹಾಕಿಡು. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ.